ಸಾಲದ ಮನೆಯಲ್ಲಿ ಚಹಾ ಕುಡಿಯದ ಮಾವ

ನನ್ನ ಸೋದರಮಾವನಿಗೆ ಹಾವು ಕಂಡರೆ ಹೆದರಿಕೆಯಿಲ್ಲ, ಪೊಲೀಸರು ಕಂಡರೆ ಹೆದರಿಕೆಯಿಲ್ಲ, ಅತ್ತೆಯನ್ನು ಕಂಡರೂ ಊರವರು ಹೇಳುವಷ್ಟೇನೂ ಇಲ್ಲ. ಆದರೆ ಒಂದು ಗ್ಲಾಸು ಚಹಾ ಕಂಡರೆ ಓಡುತ್ತಾರೆ! ಜೊತೆಗೆ ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿಯೂ ಬಂತೋ, ಚಪ್ಪಲಿ ಹಾಕಿಕೊಳ್ಳಲೂ ನಿಲ್ಲುವುದಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಅಂಗಳ ದಾಟುತ್ತಾರೆ.

ಇದು ಕಾಯಿಲೆಯಲ್ಲ. ಡಾಕ್ಟರು ಹೇಳಿದ ಪಥ್ಯವೂ ಅಲ್ಲ. ಇದು ಬಡತನ ನಿರ್ಮೂಲನೆ! ಕಾಸರಗೋಡಿನ ಎ.ಸಿ. ಸಭಾಂಗಣಗಳಲ್ಲಿ ಈ ವಿಷಯದ ವಿಚಾರಗೋಷ್ಠಿ ನಡೆದಾಗಲೆಲ್ಲ ಚಹಾ, ಗೋಡಂಬಿ ಬಿಸ್ಕತ್ತು ಎರಡೂ ಧಾರಾಳ. ಕುಡಿಯದೆ, ತಿನ್ನದೆ ಬಡತನ ಓಡಿಸಲು ಹೊರಟ ಮಹಾಪುರುಷರು ನನಗೆ ಗೊತ್ತಿದ್ದ ಹಾಗೆ ನಮ್ಮ ಮಾವ ಒಬ್ಬರೇ.

ಮಾವ ಕಾಸರಗೋಡು-ಬೋವಿಕಾನ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ನಿವೃತ್ತರಾದರೂ ಊರಿಗೆಲ್ಲ ಈಗಲೂ ಕಂಡಕ್ಟರೇ. ಯಾರದಾದರೂ ಚಿಲ್ಲರೆ ತಮ್ಮ ಬಳಿ ಉಳಿದರೆ ಅವರಿಗೆ ನಿದ್ದೆ ಬರುವುದಿಲ್ಲ. ಒಮ್ಮೆ ಎರಡು ರೂಪಾಯಿ ವಾಪಸು ಕೊಡಲು ಪ್ರಯಾಣಿಕನೊಬ್ಬನ ಮನೆ ಹುಡುಕಿಕೊಂಡು ಕಾರಡ್ಕದವರೆಗೆ ಹೋಗಿದ್ದರು. ಹೋಗಿ ಬರಲು ಎಷ್ಟು ಖರ್ಚಾಯಿತೆಂದು ನಾನು ಕೇಳಿದ್ದೆ. ನನ್ನ ದಿನಚರಿಯಲ್ಲಿ ಬರೆದುಕೊಳ್ಳಬೇಕಿತ್ತು, ಅಷ್ಟೆ. "ನಿನ್ನ ಆ ಪುಸ್ತಕಕ್ಕೆ ಬೆಂಕಿ ಬೀಳ" ಎಂದರು.

ಇಂಥ ಮಾವ ಮನೆಯ ಸೋರುವ ಮಾಡು ಸರಿಮಾಡಿಸಲು ಒಮ್ಮೆ ಬ್ಲೇಡಿನವನಿಂದ ಸಾಲ ತಂದರು. ಕೊಯ್ಯುವ ಬಡ್ಡಿಗೆ ಸಾಲ ಕೊಡುವವರಿಗೆ ನಮ್ಮ ಕಡೆ ಬ್ಲೇಡು ಎನ್ನುತ್ತಾರೆ. ಅವರಷ್ಟು ಮರ್ಯಾದಸ್ಥರು ಭೂಮಿಯ ಮೇಲೆ ಉಂಟೇ? ಸೋಫಾ ಉಂಟು, ಫ್ಯಾನು ಉಂಟು, "ಬನ್ನಿ ಬನ್ನಿ" ಉಂಟು, ತಣ್ಣಗಿನ ಲಿಂಬೆ ಶರಬತ್ತು ಉಂಟು. ಆ ಶರಬತ್ತಿನ ಹಣವನ್ನು ಮಾವ ಎರಡು ವರ್ಷ ಕಟ್ಟಿದರು. ಬಡ್ಡಿ ತೀರಿತು, ಅಸಲು ಹಾಗೇ ಕೂತಿತ್ತು!

ಆಗ ಕೈಹಿಡಿದದ್ದು ನಮ್ಮೂರಿನ ಹಿರಿಯರಾದ ಹಾಜಿಯವರು ನಡೆಸುವ ನೆರೆಕೂಟ. ನೆರೆಕರೆಯ ಹತ್ತಿಪ್ಪತ್ತು ಮನೆಯವರು ವಾರವಾರ ಕೈಲಾದಷ್ಟು ಹಣ ಹಾಕುವುದು, ಅಗತ್ಯ ಬಿದ್ದವರು ಅದರಿಂದ ಸಾಲ ಎತ್ತುವುದು, ತೆಗೆದುಕೊಂಡಷ್ಟನ್ನೇ ಸಣ್ಣ ಸಣ್ಣ ಕಂತಿನಲ್ಲಿ ತಿರುಗಿ ಕೊಡುವುದು. ಬಡ್ಡಿ ಇಲ್ಲ. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧವಾದ್ದರಿಂದ ಅದನ್ನು ಕೊಡುವ ಹಾಗೂ ಇಲ್ಲ, ತೆಗೆದುಕೊಳ್ಳುವ ಹಾಗೂ ಇಲ್ಲ. ಸಾಲಕ್ಕೆ ಮಾತ್ರ ಜಾತಿ ಧರ್ಮ ಕೇಳುವುದಿಲ್ಲ. ಮಾವ ಅಲ್ಲಿಂದ ಹಣ ಎತ್ತಿ ಬ್ಲೇಡಿನವನಿಗೆ ಬಿಸಾಡಿ, ಕೂಟದ ಕಂತನ್ನು ಒಂದೂ ತಪ್ಪದೆ ಕಟ್ಟಿ ಮುಗಿಸಿದರು.

ಮುಗಿದ ದಿನ ಹಾಜಿಯವರು ಹೇಳಿದರು: "ಕಂಡಕ್ಟ್ರೆ, ನಿಮಗೆ ಮನೆ ಮನೆ ಗೊತ್ತುಂಟು, ಚಿಲ್ಲರೆ ಲೆಕ್ಕ ಗೊತ್ತುಂಟು. ಇನ್ನು ವಸೂಲಿ ನೀವೇ ಮಾಡಿ."

ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಮಾತಿಗೆ ಮಾತು ಸೇರಿಸಿ, "ಮತ್ತೆ ಒಂದು ವಿಷಯ, ಸಾಲ ಕೊಟ್ಟವ ತಕ್ಕೊಂಡವನಿಂದ ಉಡುಗೊರೆ ಗಿಡುಗೊರೆ ತಕ್ಕೊಳ್ಬಾರ್ದು. ಅದೂ ಬಡ್ಡಿಯ ಹಾಗೇ" ಎಂದುಬಿಟ್ಟರು.

ಹಾಜಿಯವರು ಹೇಳಿದ್ದು ಒಂದು ಮಾತು. ಮಾವ ಕೇಳಿಸಿಕೊಂಡದ್ದು ಒಂದು ಸಂವಿಧಾನ. ಮರುದಿನದಿಂದಲೇ ಹಳೆಯ ಕಂಡಕ್ಟರು ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ಸಾಲ ಇರುವ ಮನೆಯಲ್ಲಿ ಚಹಾ ಬಡ್ಡಿ, ಬೆಲ್ಲ ನೀರು ಬಡ್ಡಿ, ವೀಳ್ಯದೆಲೆ ಬಡ್ಡಿ. ಕುರ್ಚಿ ಕೊಟ್ಟರೆ ಅದರ ಮೇಲೂ ಅನುಮಾನ! ಬಾಗಿಲಲ್ಲೇ ನಿಂತು "ಚಿಲ್ಲರೆ ಕೊಡಿ, ಚಿಲ್ಲರೆ" ಎನ್ನುವುದು, ರಶೀದಿ ಹರಿಯುವುದು, ಮುಂದಿನ ಸ್ಟಾಪಿಗೆ ಹೋಗುವುದು.

ಮೊದಲ ಗಲಾಟೆ ಆದದ್ದು ಬೀಫಾತಿಮ್ಮನ ಮನೆಯಲ್ಲಿ. ಅವರು ಕೂಟದ ಸಾಲದಲ್ಲಿ ಆಡು ಸಾಕಿದವರು. ಆಡು ಕರೆಯತೊಡಗಿದ ಮೇಲೆ ಅದರ ಹಾಲಿನಲ್ಲಿ ಚಹಾ ಮಾಡಿ ತಂದರೆ ಮಾವ ಎಂದಿನಂತೆ ಅಂಗಳ ದಾಟಿದರು. ಬೀಫಾತಿಮ್ಮ ನೇರ ಹಾಜಿಯವರ ಮನೆಗೆ ನಡೆದರು.

"ಹಾಜಿಯವ್ರೆ, ಕಂಡಕ್ಟ್ರಿಗೆ ನನ್ನ ದುಡ್ಡು ಆಗ್ತದೆ, ನನ್ನ ಚಾಯ ಆಗುದಿಲ್ವಾ? ನಾವು ಮುಟ್ಟಿದ್ದು ಅಂತಲಾ? ಈ ಕಾಲದಲ್ಲಿಯೂ ಇದೆಲ್ಲ ಉಂಟಾ?"

ಹಾಜಿಯವರು ಬೆವರಿದರು. ಹಿಂದೂ ಗಂಡಸು ಮುಸ್ಲಿಮರ ಮನೆಯಲ್ಲಿ ಚಹಾ ಬಿಟ್ಟು ಓಡಿದರೆ ಊರು ಇನ್ನೇನು ತಿಳಿದೀತು? "ಇಲ್ಲ ಉಮ್ಮಾ, ಅವರು ನಮ್ಮ ನಿಯಮ ಪಾಲಿಸುದು. ನಮ್ಮಿಂದ ಜಾಸ್ತಿ ಪಾಲಿಸುದು. ಅದೇ ತೊಂದರೆ ಆದದ್ದು" ಎಂದು ಸಮಾಧಾನ ಮಾಡಿ, ಸಂಜೆ ಮಾವನನ್ನು ಕರೆಸಿದರು.

"ಕಂಡಕ್ಟ್ರೆ, ಸಾಲ ಕೊಟ್ಟದ್ದು ಕೂಟ. ನೀವು ಬರೀ ವಸೂಲಿಯವರು. ಒಂದು ಚಾಯ ಕುಡಿದ್ರೆ ಎಂತ ಆಗುದಿಲ್ಲ ಮಾರಾಯ್ರೆ."

"ಹಣ ನನ್ನ ಕೈಯಿಂದ ಹೋಗ್ತದೆ, ನನ್ನ ಕೈಗೆ ಬರ್ತದೆ. ನಡುವೆ ಆ ಕೈ ಬಾಯಿಗೆ ಹೋಗ್ಬಾರ್ದು."

ಬೀಫಾತಿಮ್ಮನೂ ಬಿಡುವವರಲ್ಲ. ಸಾಲ ತೀರಿದ ದಿನ ಮಾವನನ್ನು ಬಾಗಿಲಲ್ಲೇ ತಡೆದು, "ಈಗ ಕೂತ್ಕೊಳ್ಳಿ" ಎಂದು ಮೂರು ಗ್ಲಾಸು ಕುಡಿಸಿಯೇ ಕಳಿಸಿದರು. ಮಾವ ನಾಲ್ಕನೆಯದನ್ನೂ ಕೇಳಿದರಂತೆ. ಆಡಿನ ಹಾಲಿನ ಚಹಾ ಅಷ್ಟು ರುಚಿ!

ಆಟೋದವನ ಕತೆ ಇನ್ನೂ ಚೆಂದ. ಅವನ ಆಟೋ ಕೂಟದ ಸಾಲದ್ದು, ಆದ್ದರಿಂದ ಮಾವ ಹತ್ತುವ ಹಾಗಿಲ್ಲ. ಬಾಡಿಗೆ ಕೊಟ್ಟು ಹತ್ತಬಹುದು, ಆದರೆ ಅವನು ಬಾಡಿಗೆ ಮುಟ್ಟುವುದಿಲ್ಲ. ಸರಿ, ಮಧ್ಯಾಹ್ನದ ಬಿಸಿಲಿನಲ್ಲಿ ಮಾವ ಗುಡ್ಡ ಹತ್ತುವುದು, ಪಕ್ಕದಲ್ಲಿ ಖಾಲಿ ಆಟೋ ಫಸ್ಟ್ ಗೇರಿನಲ್ಲಿ ತೆವಳುವುದು.

"ಹತ್ತಿ ಕಂಡಕ್ಟ್ರೆ."

"ಬಾಡಿಗೆ ತಕ್ಕೊಳ್ತೀಯಾ?"

"ನಿಮ್ಮತ್ರ ಬಾಡಿಗೆಯಾ? ನನ್ನ ಮುಖಕ್ಕೆ ಉಗೀತಾರೆ ಜನ."

"ಹಾಗಾದ್ರೆ ಮುಂದೆ ಹೋಗು."

"ನಿಮ್ಮನ್ನು ಬಿಟ್ಟು ಹೇಗೆ ಹೋಗುದು?"

ಇಬ್ಬರೂ ಒಟ್ಟಿಗೇ ಗುಡ್ಡದ ತಲೆ ಮುಟ್ಟಿದರು. ಒಬ್ಬರಿಗೆ ಬೆವರು, ಇನ್ನೊಬ್ಬನಿಗೆ ಪೆಟ್ರೋಲು ದಂಡ. ಬಡತನ ನಿರ್ಮೂಲನೆ ಸುಮ್ಮನೆ ಆಗುತ್ತದೆಯೇ?

ಯಾವುದೋ ವಿಶ್ವವಿದ್ಯಾಲಯದಿಂದ ಸಂಶೋಧಕನೊಬ್ಬ ಬಂದು ಮಾವನ ಮುಂದೆ ಮೊಬೈಲು ಹಿಡಿದು ಕೇಳಿದ: "ಈ ಯೋಜನೆಯಿಂದ ಬಡತನದ ಪ್ರಮಾಣ ಎಷ್ಟು ಇಳಿದಿದೆ?" ಮಾವ ಗಂಭೀರವಾಗಿ ಯೋಚಿಸಿದರು. "ಅದು ಹಾಜಿಯವರಿಗೆ ಗೊತ್ತು. ನಾನು ನಾಲ್ಕು ಕಿಲೋ ಇಳಿದಿದ್ದೇನೆ."

ಇಷ್ಟು ದಿನ ನಗುತ್ತಿದ್ದವಳು ನಾನು. ಆಮೇಲೆ ನನ್ನ ಅಮ್ಮನೇ ಕೂಟದಿಂದ ಸಾಲ ತಂದಳು!

ಅಮ್ಮ ಬೋವಿಕಾನದಲ್ಲಿ ಒಂದು ಕೋಣೆ ಹಿಡಿದು ಬಟ್ಟೆ ಹೊಲಿಯುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರ ಅನ್ನ ಅದೇ. ವಾರವಿಡೀ ಗಂಜಿ, ಉಪ್ಪಿನಕಾಯಿ. ಭಾನುವಾರ ಮಾತ್ರ ತನ್ನ ಅಣ್ಣ ಊಟಕ್ಕೆ ಬರುತ್ತಾನೆಂದು ಮೀನು ತಂದು, ತೆಂಗಿನಕಾಯಿ ಅರೆದು, ಬೆಳಿಗ್ಗೆಯಿಂದ ಹಾಡಿಕೊಂಡು ಅಡುಗೆ ಮಾಡುತ್ತಿದ್ದಳು. ಅಣ್ಣ ತಂಗಿ ಎದುರು ಬದುರು ಕೂತು ಊರಿನವರನ್ನೆಲ್ಲ ಆಡಿಕೊಂಡು ಉಣ್ಣುತ್ತಿದ್ದರು. ಹೊಸ ಹೊಲಿಗೆ ಮಿಷನ್ನಿಗೆ ಸಾಲ ತಂದ ಮೊದಲ ಭಾನುವಾರ ಮಾವ ಬಾಗಿಲಲ್ಲೇ ನಿಂತರು.

"ಎಂತ ಅಣ್ಣ, ಕೈ ತೊಳಿ."

"ನಿನಗೆ ಸಾಲ ಉಂಟಲ್ಲ ಮಾರಾಯ್ತಿ."

ಅಮ್ಮನ ಕೈಯಿಂದ ಸೌಟು ಬೀಳುವುದೊಂದು ಬಾಕಿ! ವಿಷಯ ಹಾಜಿಯವರಲ್ಲಿಗೆ ಹೋಯಿತು. ಸಾಲಕ್ಕೆ ಮೊದಲೇ ಕೊಟ್ಟು ತೆಗೆದುಕೊಳ್ಳುವ ರೂಢಿ ಇದ್ದರೆ ಅಡ್ಡಿಯಿಲ್ಲ, ಅದು ಬಡ್ಡಿಯಾಗುವುದಿಲ್ಲ ಎಂದು ಅವರು ತೀರ್ಪು ಕೊಟ್ಟರು. ನಮಗೆಲ್ಲ ಜೀವ ಬಂತು. ಆದರೆ ಮಾವ ನನ್ನ ಕಡೆ ತಿರುಗಿದರು.

"ನೀನು ಎಲ್ಲ ಬರೆದಿಡುವವಳಲ್ವಾ? ಮೊದಲು ನನಗೆ ಮೀನು ಎಷ್ಟು ತುಂಡು ಹಾಕ್ತಿದ್ದಳು?"

ಬರೆದಿಟ್ಟಿದ್ದೆ, ಏನು ಮಾಡಲಿ? "ಒಂದು" ಎಂದೆ. ಅಮ್ಮ ನನ್ನನ್ನು ನೋಡಿದ ನೋಟ ಈಗಲೂ ಬೆನ್ನ ಮೇಲೆ ಉಂಟು.

ಹಾಗೆ ಮಾವ ಒಂದೇ ತುಂಡಿನ ಕರಾರಿನ ಮೇಲೆ ಊಟಕ್ಕೆ ಕೂತರು. ಸಾಲ ಕೊಡಿಸಿದ ಅಣ್ಣನಿಗೆ ಒಂದು ತುಂಡು ಹಾಕಿ ಸುಮ್ಮನಿರಲು ಅಮ್ಮನಿಗೆ ಸಾಧ್ಯವೇ? ಮೂರನೆಯ ಭಾನುವಾರ ಅನ್ನದ ಅಡಿಯಲ್ಲಿ ಇನ್ನೊಂದು ತುಂಡು ಬಂಗುಡೆ ಮೀನು ಹುಗಿದಿಟ್ಟಳು. ಮಾವನ ಬೆರಳಿಗೆ ಅದು ತಾಗಿತು. ಎದ್ದು ಕೈ ತೊಳೆದು, "ನಿನ್ನ ಮಿಷನ್ನಿನ ಸಾಲ ತೀರಲಿ" ಎಂದು ಹೊರಟೇಹೋದರು.

ಆಮೇಲೆ ಭಾನುವಾರಗಳು ಬಂದವು, ಮೀನು ಬರಲಿಲ್ಲ. ಮಾವ ಮೆಟ್ಟಿಲಲ್ಲಿ ನಿಂತು ಕಂತು ತೆಗೆದುಕೊಂಡು, ತಂಗಿಗೆ ರಶೀದಿ ಕೊಟ್ಟು ಹೋಗುತ್ತಿದ್ದರು. ಅಮ್ಮ ಒಂದಿಷ್ಟು ದಿನ ಬೈದಳು, ಒಂದಿಷ್ಟು ದಿನ ಅತ್ತಳು, ಮತ್ತೆ ಹಟ ಹಿಡಿದು ಹೊಲಿಯತೊಡಗಿದಳು. ಸಾಲ ತೀರಬೇಕಾದ ಅವಧಿಗೆ ಬಹಳ ಮೊದಲೇ ತೀರಿತು. ಮಿಷನ್ನಿನಿಂದ ನಮ್ಮ ಮನೆಯ ಬಡತನ ಇಳಿದದ್ದೂ ನಿಜ, ಫ್ರಿಜ್ಜು ಬಂತು. ಆದರೆ ಅಮ್ಮ ದುಡಿದದ್ದು ಫ್ರಿಜ್ಜಿಗಲ್ಲ, ಊಟದ ಹೊತ್ತಿಗೆ ತನ್ನ ಎದುರಿನ ಮಣೆ ತುಂಬಲಿ ಎಂದು. ಮಾವ ಮತ್ತೆ ಬಂದು ಕೂತರು, ಮೀನಿನ ಮುಳ್ಳು ರಾಶಿ ಹಾಕಿದರು, ಊರಿನವರ ಸುದ್ದಿ ಮತ್ತೆ ಶುರುವಾಯಿತು.

ಅಷ್ಟರಲ್ಲಿ ಒಂದು ಶಾಲೆಯ ಸಮವಸ್ತ್ರದ ಆರ್ಡರು ಬಂತು. ಇಡೀ ಶಾಲೆಯದ್ದು! ಇನ್ನೆರಡು ಮಿಷನ್ನು, ಇಬ್ಬರು ಹುಡುಗಿಯರು ಬೇಕು. ಅಮ್ಮನ ಕೈಯಲ್ಲಿ ಅಷ್ಟು ಹಣ ಇಲ್ಲ. ಕೂಟಕ್ಕೆ ಹೋಗು ಎಂದರೆ ತಲೆಯಾಡಿಸಿದಳು.

"ಬೇಡ. ಶಾಲೆಯವರಿಗೆ ಆಗುದಿಲ್ಲ ಅಂತ ಹೇಳ್ತೇನೆ. ಒಂದು ಮಿಷನ್ ಸಾಕು. ಪುನಃ ಅಣ್ಣನನ್ನು ಮೆಟ್ಟಿಲಲ್ಲಿ ನಿಲ್ಲಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ನಾನು ಸುಮ್ಮನಿರಬೇಕಿತ್ತು. ಮಾವನಿಗೆ ಹೇಳಿದೆ. ಅವರು "ಹೌದಾ" ಎಂದರು, ಅಷ್ಟೇ.

ಮುಂದಿನ ಭಾನುವಾರ ಮಾವ ಬರುವಾಗ ಕಂಕುಳು ಖಾಲಿ. ಬಂದವರೇ ಕೈ ತೊಳೆದು ಕೂತರು.

"ಅಣ್ಣ, ಚೀಲ ಎಲ್ಲಿ?"

"ಹಾಜಿಯವರಿಗೆ ಕೊಟ್ಟೆ. ಇನ್ನು ಅವರ ಅಳಿಯ ಹೋಗ್ತಾನೆ ವಸೂಲಿಗೆ."

"ಯಾಕೆ?"

"ಕಾಲು ನೋವು. ಗುಡ್ಡ ಹತ್ತಿ ಇಳಿದು ಆಗುದಿಲ್ಲ ಈಗ." ಅನ್ನ ಕಲಸುತ್ತ, ತಲೆ ಎತ್ತದೆ ಹೇಳಿದರು. "ನಿನ್ನ ಸಾಲಕ್ಕೆ ಹೇಳಿ ಬಂದಿದ್ದೇನೆ. ನಾಳೆ ಹೋಗಿ ತಾ. ಮಿಷನ್ ಎರಡು ತಕ್ಕೋ. ಎಂತ ನೋಡ್ತೀ? ಸಾರು ಹಾಕು."

ಅಮ್ಮ ಸಾರು ಹಾಕಿದಳು. ಎಷ್ಟು ತುಂಡು ಹಾಕಿದಳೆಂದು ನಾನು ನೋಡಲಿಲ್ಲ.

ಉಂಡು ಬಾಯಿ ಒರೆಸಿಕೊಂಡು ಮಾವ ಹೊರಟರು. ಬಿಸಿಲಿತ್ತು. ನಮ್ಮ ಮನೆಯೆದುರಿನ ಏರನ್ನು ಇಪ್ಪತ್ತರ ಹುಡುಗನ ಹಾಗೆ ದಾಪುಗಾಲು ಹಾಕಿ ಹತ್ತತೊಡಗಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ ಕೂಗಿದಳು.

"ಅಣ್ಣಾ! ಕಾಲು ನೋವು ಅಂದದ್ದಲ್ವಾ?"

ಮಾವ ತಟ್ಟನೆ ನಿಂತರು. ಹಿಂದೆ ತಿರುಗಲಿಲ್ಲ. ಒಂದು ಕ್ಷಣ ಬಿಟ್ಟು ಎಡಗಾಲನ್ನು ಮೆಲ್ಲ ಎಳೆಯುತ್ತ, ಸೊಂಟಕ್ಕೆ ಕೈ ಕೊಟ್ಟು, ಕುಂಟುತ್ತ ಹತ್ತತೊಡಗಿದರು.

ಅಮ್ಮ ನಗಲಿಲ್ಲ. ಒಳಗೆ ಬಂದು ಬಾಗಿಲು ಮುಚ್ಚಿ, ಚಿಲಕ ಹಾಕಿದಳು.

"ಬಾ ಒಳಗೆ," ಎಂದಳು ನನಗೆ. "ನಾವು ನೋಡ್ತಾ ನಿಂತ್ರೆ ಪಾಪ, ಮನೆಯವರೆಗೂ ಕುಂಟ್ತಾನೆ."