ಕೆಂಪು ಕಾರಿಗೆ ಹೊಸ ಸ್ಪ್ರಿಂಗು

ಸೇತುರಾಮನಿಗೆ ಸಾಕಾಗಿಹೋಗಿತ್ತು. ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ಸೆಕ್ಷನ್ನಿನ ಕೆಲಸ, ಮನೆಗೆ ಬಂದರೆ ಅಲಮೇಲುವಿನ ಇನ್‌ಸ್ಪೆಕ್ಷನ್, ಬಸವೇಶ್ವರನಗರದ ನಲ್ಲಿಯಲ್ಲಿ ಮನಸ್ಸು ಬಂದಾಗ ಬರುವ ನೀರು, ಇವೆಲ್ಲವನ್ನೂ ಅವನು ಹೇಗೋ ಸಹಿಸಿಕೊಂಡಿದ್ದ. ಆದರೆ ಕೆಂಗೇರಿಯ ಬೀಗಿತ್ತಿ ಅನಂತಲಕ್ಷ್ಮಮ್ಮನವರು ಸೀಮಂತದ ದಿನ ತುಂಬಿದ ಪಂಕ್ತಿಯಲ್ಲಿ ಆಡಿದ ಮಾತು ಮಾತ್ರ ಗಂಟಲಿಂದ ಕೆಳಗಿಳಿಯಲಿಲ್ಲ.

"ಆ ಕಾರಲ್ಲಿ ನಮ್ಮ ಸೊಸೇನ ಕಳಿಸೋಕಾಗಲ್ಲ ಬೀಗ್ರೇ," ಅಂದಿದ್ದರು ಆಕೆ, ಹೋಳಿಗೆಗೆ ತುಪ್ಪ ಬಡಿಸುತ್ತ. "ಹೆರಿಗೆ ಆಸ್ಪತ್ರೇಲಿ ಆಗ್ಬೇಕು. ಮೈಸೂರು ರಸ್ತೇಲಿ ಅಲ್ಲ."

ಆಕೆಯದೂ ತಪ್ಪಿಲ್ಲವೆನ್ನಿ. ಹಿಂದೊಮ್ಮೆ ಸೇತುರಾಮನೇ ಒತ್ತಾಯ ಮಾಡಿ ಆಕೆಯನ್ನು ಬಸವೇಶ್ವರನಗರದಿಂದ ಕೆಂಗೇರಿಗೆ ಆ ಕಾರಿನಲ್ಲಿ ಬಿಟ್ಟು ಬಂದಿದ್ದ. ನಾಯಂಡಹಳ್ಳಿ ದಾಟುವಷ್ಟರಲ್ಲಿ ಆಕೆ ದೇವರ ನಾಮ ನಿಲ್ಲಿಸಿ ಬರೀ ದೇವರನ್ನು ಕರೆಯತೊಡಗಿದ್ದರು. ಆಮೇಲೆ ಬಹಳ ದಿನ ಬೆನ್ನಿಗೆ ಎಣ್ಣೆ ನೀವಿಸಿಕೊಂಡರಂತೆ. ನೀವಿದವಳು ಸೊಸೆ, ಅಂದರೆ ಸೇತುರಾಮನ ಒಬ್ಬಳೇ ಮಗಳು ಕೋಕಿಲಾ.

ಈ ಕಾರಿನ ಬಗ್ಗೆ ಎರಡು ಮಾತು ಹೇಳಬೇಕು. ಊರಿಗೆ ಊರೇ ಮಾರುತಿಗೆ ಬುಕ್ ಮಾಡಿ ಕಾಯುತ್ತಿದ್ದ ಕಾಲದಲ್ಲಿ ಸೇತುರಾಮ ಒಂದು ಹಳೇ ಫಾರಿನ್ ಕಾರು ಕೊಂಡು ಬಂದ. ಕೆಂಪು ಬಣ್ಣ, ಪಕ್ಕಕ್ಕೊಂದೊಂದು ಬಾಗಿಲು, ಹಿಂದೆ ಮೇಲಕ್ಕೆ ಏಳುವ ಮೂರನೆಯ ಬಾಗಿಲು. ಕೋಲಾರದ ಗಣಿಯಲ್ಲಿದ್ದ ಒಬ್ಬ ಎಂಜಿನಿಯರು ಅದನ್ನು ಹಡಗಿನಲ್ಲಿ ತರಿಸಿ, ರ‍್ಯಾಲಿಗಳಲ್ಲಿ ಓಡಿಸಿ, ಕಪ್ಪುಗಳನ್ನು ಗೆದ್ದು, ಕೊನೆಗೆ ಆಸ್ಟ್ರೇಲಿಯಾಕ್ಕೆ ಹೋಗುವಾಗ ಬಿಟ್ಟು ಹೋಗಿದ್ದ. ನೋಡಲು ಅಂಗೈಯಗಲ, ಎಂಜಿನ್ನು ಮಾತ್ರ ಹುಚ್ಚು ಕುದುರೆ. ಅಂಥದ್ದನ್ನು ಸೇತುರಾಮ ಮಾಗಡಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಫ್ಯಾಕ್ಟರಿಗೆ ಓಡಿಸುತ್ತಿದ್ದ. (ಮೂರನೇ ಗೇರು ಹಾಕಿದ ದಿನ ಅವನು ಮನೆಗೆ ಬಂದು ಹಾಡು ಗುನುಗುತ್ತಿದ್ದ. ಅಲಮೇಲು ಅನುಮಾನದಿಂದ ನೋಡುತ್ತಿದ್ದಳು.) ರ‍್ಯಾಲಿಗಳಲ್ಲಿ ಹಾರಿ ಹಾರಿ ಅದರ ಸ್ಪ್ರಿಂಗುಗಳು ಸೋತುಹೋಗಿದ್ದವು. ಸಣ್ಣ ಗುಂಡಿಗೂ ಕಾರಿನ ಹೊಟ್ಟೆ ನೆಲಕ್ಕೆ ಬಡಿಯುತ್ತಿತ್ತು.

"ಒಂದು ಟ್ಯಾಕ್ಸಿ ಮಾಡಿಕೊಂಡು ಹೋಗಿ ಕರ್ಕೊಂಡು ಬಂದ್ರೆ ಮುಗೀತಲ್ರೀ," ಅಂದಳು ಅಲಮೇಲು, ಸೀಮಂತದಿಂದ ಬಂದ ಸಂಜೆ ರೇಷ್ಮೆ ಸೀರೆ ಮಡಿಸುತ್ತ.

"ಮನೆ ಮುಂದೆ ಸ್ವಂತ ಕಾರು ನಿಲ್ಲಿಸಿಕೊಂಡು ಮಗಳನ್ನ ಬಾಡಿಗೆ ಕಾರಲ್ಲಿ ತರ್ಲಾ?"

"ಅದನ್ನ ಕಾರು ಅಂತ ನೀವೊಬ್ರೇ ಕರೆಯೋದು."

"ಚೊಚ್ಚಲು ಹೆರಿಗೆ ಕಣೇ. ತವರಿಗೆ ಕರ್ಕೊಂಡು ಬರಬೇಕಾದೋನು ಅಪ್ಪ. ನಾನೇ ಹೋಗ್ತೀನಿ, ನಾನೇ ಓಡಿಸ್ತೀನಿ, ನನ್ನ ಕಾರಲ್ಲೇ ಕರ್ಕೊಂಡು ಬರ್ತೀನಿ."

"ಆಕೆ ಕಳಿಸಲ್ಲ ಅಂದ್ರಲ್ಲ?"

"ಸ್ಪ್ರಿಂಗು ಗಿಂಗು ಎಲ್ಲ ಸೇರಿ ಇಡೀ ಸಸ್ಪೆನ್ಷನ್ನೇ ಬದಲಾಯಿಸ್ತೀನಿ."

"ಸಸ್ಪೆನ್ಷನ್ನ ನಿಮ್ಮ ಫ್ಯಾಕ್ಟರಿಯೋರೇ ಮಾಡ್ತಾರೆ ಬಿಡಿ, ಹಿಂಗೇ ರಜ ಹಾಕ್ತಾ ಇದ್ರೆ," ಅಂದು ಅಲಮೇಲು ಬೀರು ಮುಚ್ಚಿದಳು.

ಆಡಿಕೊಳ್ಳುವವರು ಆಡಿಕೊಳ್ಳಲಿ. ಮಗಳು ಮದುವೆಯಾಗಿ ಹೋದ ಮೇಲೆ ಆ ಮನೆ ಸೇತುರಾಮನಿಗೆ ಬಿಕೋ ಅನ್ನುತ್ತಿತ್ತು. ಊಟಕ್ಕೆ ಕೂತರೆ ಅವಳು ಕೂರುತ್ತಿದ್ದ ಮಣೆಯ ಕಡೆ ನೋಡದೆ ತುತ್ತು ಎತ್ತುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಆ ಮಗಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ನೀರು ತುಂಬಿದ ಕೊಡದ ಹಾಗೆ ತುಳುಕದಂತೆ ಮನೆಗೆ ತರಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಕಾಮಾಕ್ಷಿಪಾಳ್ಯದ ಮುನಿಯಣ್ಣನ ಗ್ಯಾರೇಜಿಗೆ ಬರುತ್ತಿದ್ದದ್ದೆಲ್ಲ ಇಟ್ಟಿಗೆ ಟೆಂಪೋ, ಜಲ್ಲಿ ಲಾರಿ. ಹಾಗಾಗಿ ಮುನಿಯಣ್ಣ ಯಾವ ಗಾಡಿ ಬಂದರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. ಕೆಂಪು ಕಾರಿನ ಕೆಳಗೆ ಬಗ್ಗಿ ನೋಡಿ, ಎದ್ದು, ಕೈ ಒರೆಸಿಕೊಂಡು ಅದನ್ನೇ ಕೇಳಿದ.

"ಲೋಡ್ ಎಷ್ಟು ಬರುತ್ತೆ ಸಾರ್?"

"ಲೋಡ್ ಅಲ್ಲಪ್ಪಾ, ಫ್ಯಾಮಿಲಿ."

"ಫ್ಯಾಮಿಲೀನೇ ಸಾರ್ ಲೋಡು. ಎಷ್ಟು ಜನ?"

ಇಲ್ಲಿ ಸೇತುರಾಮ ಒಂದು ತಪ್ಪು ಮಾಡಿದ. ನಿಜ ಹೇಳಬೇಕೆಂದರೆ ಆ ಕಾರಿನಲ್ಲಿ ವರ್ಷವಿಡೀ ಓಡಾಡುತ್ತಿದ್ದವನು ಅವನೊಬ್ಬನೇ, ಜೊತೆಗೊಂದು ಊಟದ ಡಬ್ಬಿ. ಆದರೆ ಬಸುರಿ ಮಗಳನ್ನು ಕರೆತರಲು ಬೀಗರ ಮನೆಗೆ ಯಾರೂ ಕೈಬೀಸಿಕೊಂಡು ಹೋಗುವುದಿಲ್ಲವಲ್ಲ. ಅವನ ಕಣ್ಣ ಮುಂದೆ ಇಡೀ ದಿಬ್ಬಣ ಬಂದು ನಿಂತಿತು. ಅಲಮೇಲು, ಅಲಮೇಲುವಿನ ಅಕ್ಕ, ಆ ಅಕ್ಕನ ಇಬ್ಬರು ನಾದಿನಿಯರು, ಹಣ್ಣಿನ ಬುಟ್ಟಿಗಳು, ಚಕ್ಕುಲಿ ಡಬ್ಬ, ಉಂಡೆಯ ಡಬ್ಬ, ತೆಂಗಿನಕಾಯಿ ಚೀಲ. ಎಲ್ಲವನ್ನೂ ಹೇಳಿದ.

"ಮಿಸೆಸ್ಸು ಎಷ್ಟಿದಾರೆ ಸಾರ್?"

"ಎಷ್ಟು ಅಂದ್ರೆ?"

"ತೂಕ."

ಮದುವೆಯಾದಾಗಿನಿಂದ ಸೇತುರಾಮ ಹೆಂಡತಿಯನ್ನು ಕೇಳಲು ಧೈರ್ಯ ಮಾಡದ ಪ್ರಶ್ನೆ ಅದು. ಆಚೆ ಈಚೆ ನೋಡಿ, ದನಿ ತಗ್ಗಿಸಿ, "ಎಂಬತ್ತು ಅಂತ ಇಟ್ಕೊಳ್ಳಿ," ಅಂದ. ಅವಳ ಅಕ್ಕನಿಗೆ ಇನ್ನೊಂದಿಷ್ಟು ಸೇರಿಸಿದ. ನಾದಿನಿಯರ ವಿಷಯದಲ್ಲೂ ಕಾರ್ಪಣ್ಯ ಮಾಡಲಿಲ್ಲ.

ಮುನಿಯಣ್ಣ ಒಪ್ಪಿಕೊಂಡ. ಹಳೇ ಸ್ಪ್ರಿಂಗುಗಳನ್ನು ಕಿತ್ತು ಗುಜರಿಗೆ ಹಾಕಿ, ಹೆಬ್ಬೆರಳು ಗಾತ್ರದ ಸರಳಿನಿಂದ ಹೊಸ ಸ್ಪ್ರಿಂಗು ಸುತ್ತಿಸಿ, ಯಾವುದೋ ದೊಡ್ಡ ಗಾಡಿಯ ಶಾಕ್ ಅಬ್ಸಾರ್ಬರುಗಳನ್ನು ಕಡಿದು ಬೆಸೆದು ಕೂರಿಸಿದ. ಕಾರಿನ ಹಿಂಭಾಗ ಗೂಳಿಯಂತೆ ಎದ್ದು ನಿಂತಿತು. ಸೇತುರಾಮ ಒಬ್ಬನೇ ಓಡಿಸಿಕೊಂಡು ಮನೆಗೆ ಬಂದ. ರಸ್ತೆಯ ಮೇಲೆ ಬಿದ್ದಿದ್ದ ಬೀಡಿ ತುಂಡು ಕೂಡ ಬೆನ್ನಹುರಿಗೆ ಸುದ್ದಿ ಮುಟ್ಟಿಸುತ್ತಿತ್ತು.

ಮಾರನೆಯ ದಿನ ಹೋಗಿ ಕೇಳಿದ್ದಕ್ಕೆ ಮುನಿಯಣ್ಣ ಸಮಾಧಾನ ಹೇಳಿದ. "ಹೊಸಾದು ಸಾರ್. ಲೋಡ್ ಬೀಳ್ಲಿ, ಹೂವಿನ ಹಂಗೆ ಹೋಗುತ್ತೆ."

ಮುನಿಯಣ್ಣ ಸುಳ್ಳು ಹೇಳಿರಲಿಲ್ಲ. ಒಳ್ಳೆಯ ದಿನ ನೋಡಿ ಅಲಮೇಲು ಮುಂದೆ, ಅಕ್ಕ ಮತ್ತು ನಾದಿನಿಯರು ಹಿಂದೆ, ಬುಟ್ಟಿ ಡಬ್ಬಗಳು ಸಂದುಗೊಂದಿನಲ್ಲೆಲ್ಲ ತುಂಬಿ ಹೊರಟಾಗ, ಎದ್ದು ನಿಂತಿದ್ದ ಕಾರು ನಿಟ್ಟುಸಿರಿಟ್ಟು ಕೂತಿತು. ವಿಜಯನಗರ ದಾಟಿದರು, ಗೊತ್ತಾಗಲಿಲ್ಲ. ಮೈಸೂರು ರಸ್ತೆಯ ಗುಂಡಿಗಳು ಬಂದವು, ಹೋದವು. ಹಿಂದೆ ಕೂತಿದ್ದ ಅಕ್ಕ ಬಾಯಿ ತೆರೆದುಕೊಂಡು ನಿದ್ದೆ ಹೋದರು. ಸೇತುರಾಮ ಮೂರನೇ ಗೇರು ಹಾಕಿದ, ಮೊದಲ ಬಾರಿಗೆ ನಾಲ್ಕನೆಯದೂ ಹಾಕಿದ. ಅಲಮೇಲು ಏನೂ ಅನ್ನಲಿಲ್ಲ. ಅದನ್ನು ಅವನು ಪ್ರಶಂಸೆ ಎಂದೇ ಸ್ವೀಕರಿಸಿದ.

ಕೆಂಗೇರಿಯಲ್ಲಿ ಊಟವಾಯಿತು. ಮಂಡ್ಯದಲ್ಲಿ ನಾಮಕರಣವಿದ್ದ ಕಾರಣ ಅಕ್ಕ, ನಾದಿನಿಯರು ತಾಂಬೂಲ ತೆಗೆದುಕೊಂಡು ಅಲ್ಲಿಂದಲೇ ಬಸ್ಸು ಹತ್ತಿದರು. ಬುಟ್ಟಿ ಡಬ್ಬಗಳೆಲ್ಲ ಬೀಗರ ಅಡುಗೆಮನೆ ಸೇರಿದವು. ಕೋಕಿಲಾ ಹೊಸ ಬಳೆ ತೊಟ್ಟು, ಹೂ ಮುಡಿದು, ತಂದೆಯನ್ನು ನೋಡಿ ಕಣ್ಣಲ್ಲೇ ನಕ್ಕಳು.

"ಮೊದಲು ನಾನೊಂದು ಸುತ್ತು ಕೂತು ನೋಡ್ತೀನಿ," ಅಂದರು ಅನಂತಲಕ್ಷ್ಮಮ್ಮ.

"ಅಗತ್ಯವಾಗಿ," ಅಂದ ಸೇತುರಾಮ ಮಹಾರಾಜನ ಗತ್ತಿನಲ್ಲಿ ಬಾಗಿಲು ತೆರೆದು.

ರೈಲ್ವೆ ಸ್ಟೇಷನ್ ತನಕ ಹೋಗಿ ಬಂದರು. ಹಿಂದಿರುಗಿದಾಗ ಆಕೆಯ ತುರುಬು ಬಿಚ್ಚಿತ್ತು, ಕುಂಕುಮ ಮೂಗಿಗೆ ಇಳಿದಿತ್ತು. ಕಾರಿಂದಿಳಿದು ಜಗಲಿಯ ಕಂಬ ಹಿಡಿದು ನಿಂತರು.

"ಮುಂಚೆ ಬರೀ ಕುಟ್ಟೋದು," ಅಂದರು ಉಸಿರು ಬಂದ ಮೇಲೆ. "ಈಗ ಎತ್ತಿ ಎತ್ತಿ ಕುಟ್ಟುತ್ತೆ. ಕೋಕಿಲಾ, ಒಳಗೆ ನಡೀ."

ಸೇತುರಾಮ ಕಾರು ಬಳಸಿಕೊಂಡು ಜಗಲಿಗೆ ಓಡಿ ಬಂದ. "ಇಲ್ಲಮ್ಮಾ, ಹಾಗಲ್ಲ. ಬರೋವಾಗ ತೇಲಿಕೊಂಡು ಬಂತು, ಇವಳನ್ನೇ ಕೇಳಿ. ಇದು ಫುಲ್ ಲೋಡಿಗೆ ಮಾಡಿಸಿರೋ ಸ್ಪ್ರಿಂಗು. ಲೆಕ್ಕ ಹಾಕಿ ಮಾಡಿರೋದು. ಅಲಮೇಲುಗೆ ಎಂಬತ್ತು, ಅವಳ ಅಕ್ಕಂಗೆ..."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ನಂಗೆ ಎಷ್ಟು?" ಅಂದಳು ಅಲಮೇಲು.

"ಒಂದು ಅಂದಾಜು ಕಣೇ."

"ಗ್ಯಾರೇಜಲ್ಲಿ ಹೇಳಿದ್ರಾ? ಆ ಮುನಿಯಣ್ಣನ ಮುಂದೆ?"

"ಸ್ಪ್ರಿಂಗಿಗೋಸ್ಕರ ಹೇಳಿದ್ದು."

"ಮನೆಗೆ ಬನ್ನಿ," ಅಂದಳು ಅಲಮೇಲು. ಆ ಎರಡೇ ಪದಕ್ಕೆ ಸೇತುರಾಮ ಅರ್ಧ ಇಳಿದುಹೋದ. ಮನೆಯ ವಿಚಾರ ಆಮೇಲೆ, ಈಗ ಮಗಳು ಹೊಸ್ತಿಲ ಒಳಗೆ ನಿಂತಿದ್ದಾಳೆ, ಇನ್ನು ಸ್ವಲ್ಪ ಹೊತ್ತಿಗೆ ರಾಹುಕಾಲ.

"ಅದೂ ಅಲ್ಲದೆ ನೀವು ಮೂರೇ ಜನ," ಅಂದರು ಅನಂತಲಕ್ಷ್ಮಮ್ಮ. "ಮೂರು ಜನ ಹೊರಡೋದಾ?"

"ನಾಲ್ಕನೆಯದಕ್ಕೆ ಕಲ್ಲು ತಂದಿದೀನಿ," ಅಂದಳು ಅಲಮೇಲು, ಪರ್ಸಿನಿಂದ ಗೋಲಿ ಗಾತ್ರದ ಕಲ್ಲು ತೆಗೆದು.

ಸೇತುರಾಮನ ಮುಖ ಅರಳಿತು. "ಕಲ್ಲೇ ಆಗೋದಾದ್ರೆ ದೊಡ್ಡದೇ ಇಟ್ಕೊಳ್ಳೋಣ. ಹಿತ್ತಲಲ್ಲಿ ಒಗೆಯೋ ಕಲ್ಲಿದೆಯಲ್ಲ, ಅದನ್ನ ಹಿಂದೆ ಹಾಕಿದ್ರೆ ಕಾರು ಅಲ್ಲಾಡಲ್ಲ."

"ಬಸುರಿ ಹಿಂದೆ ಬಂಡೆ ಹೇರ್ಕೊಂಡು ಹೋಗ್ತೀರಾ ಬೀಗ್ರೇ?" ಅಂದರು ಅನಂತಲಕ್ಷ್ಮಮ್ಮ.

ಆಗ ಕೋಕಿಲಾ ಹೊಸ್ತಿಲಲ್ಲೇ ಕುರ್ಚಿ ಎಳೆದು ಕೂತಳು. ಅವಳ ಕಾಲು ಊದಿತ್ತು, ಎಲ್ಲರ ಮಾತೂ ಕೇಳಿ ಸುಸ್ತಾಗಿತ್ತು. "ಅತ್ತೆ, ಲೋಡೇ ಬೇಕು ಅಂದ್ರೆ ನೀವೂ ಬನ್ನಿ. ಹಿಂದೆ ಅಮ್ಮನ ಜೊತೆ ಕೂತ್ಕೊಳ್ಳಿ. ನಾನಂತೂ ಅಮ್ಮನ ಮನೆಗೆ ಹೋಗ್ಬೇಕು."

ಅನಂತಲಕ್ಷ್ಮಮ್ಮ ಸೊಸೆಯನ್ನು ನೋಡಿದರು. ಆಕೆಗೂ ಅಂತಃಕರಣವಿತ್ತು. ಸೆರಗು ಬಿಗಿದುಕೊಂಡು ಒಂದೇ ಕ್ಷಣದಲ್ಲಿ ಸೇನಾಧಿಪತ್ಯ ವಹಿಸಿದರು. ಕೋಕಿಲಾ ಮುಂದೆ. ಅಲಮೇಲು, ತಾವು ಹಿಂದೆ. ಅವರಿಬ್ಬರನ್ನೂ ಕೂರಿಸಿ, ತಾವೂ ಕೂತು, ಮಗ ಪದ್ಮನಾಭನಿಗೆ ಕಾರಿನ ಮೂಲೆ ಒತ್ತಿ ನೋಡಲು ಹೇಳಿದರು. ಪದ್ಮನಾಭ ಬ್ಯಾಂಕಿನವನು, ಕೂತು ತಿಂದ ಮೈ. ಒತ್ತಿ ನೋಡಿ, "ಇನ್ನೂ ಸ್ವಲ್ಪ ಬೇಕಮ್ಮ," ಅಂದ.

"ಹಾಗಾದ್ರೆ ನೀನೇ ಓಡಿಸು ಪದ್ದು. ನಿನ್ನ ಮೈಗೆ ಮುಂದಿನ ಸ್ಪ್ರಿಂಗೂ ಬಗ್ಗುತ್ತೆ."

"ನಾನು ಓಡಿಸ್ತೀನಲ್ಲ," ಅಂದ ಸೇತುರಾಮ. ದನಿ ಅವನಿಗೇ ಸಣ್ಣದಾಗಿ ಕೇಳಿಸಿತು.

"ನೀವು ಹಿಂದೆ ಬನ್ನಿ ಬೀಗ್ರೇ, ನಮ್ಮಿಬ್ಬರ ಪಕ್ಕ."

ಸೇತುರಾಮ ಡ್ರೈವರ್ ಸೀಟು ಮಡಿಸಿ, ತಲೆ ತಗ್ಗಿಸಿ ಒಳಗೆ ತೂರಿ ಮೂಲೆಯಲ್ಲಿ ಕೂತ. ಪದ್ಮನಾಭ ಮತ್ತೆ ಒತ್ತಿ ನೋಡಿದ. "ಮಾವ, ಕೂತ್ರಾ?"

"ಕೂತೆನಲ್ಲ."

"ಏನೂ ಇಳೀಲಿಲ್ಲಮ್ಮ."

ಅನಂತಲಕ್ಷ್ಮಮ್ಮ ಒಂದು ಗಳಿಗೆ ಯೋಚಿಸಿದರು. ಅವಮಾನ ಮಾಡುವ ಉದ್ದೇಶ ಆಕೆಗೆ ಖಂಡಿತ ಇರಲಿಲ್ಲ, ಮನೆಯಲ್ಲಿ ಏನೇನಿದೆ ಎಂದು ಲೆಕ್ಕ ಹಾಕುತ್ತಿದ್ದರು ಅಷ್ಟೆ. "ಉಗ್ರಾಣದಲ್ಲಿ ಅಕ್ಕಿ ಮೂಟೆ ಇದೆ. ಅಕ್ಕಿ ಮಂಗಳ, ಬಸುರಿ ಜೊತೆ ಹೋದ್ರೆ ಒಳ್ಳೇದೇ. ಬೀಗ್ರೇ, ನೀವು ಸ್ವಲ್ಪ ಇಳೀರಿ."

ಅಕ್ಕಿ ಮೂಟೆ ಬಂತು. ಸೇತುರಾಮನೇ ಒಂದು ತುದಿ ಹಿಡಿದ. ಅದನ್ನು ಅವನು ಕೂತಿದ್ದ ಜಾಗದಲ್ಲಿಟ್ಟ ತಕ್ಷಣ ಕೆಂಪು ಕಾರು ಸಂತೃಪ್ತಿಯಿಂದ ಕೆಳಗಿಳಿಯಿತು. ಪದ್ಮನಾಭ ಸ್ಟಿಯರಿಂಗ್ ಹಿಡಿದ. ಶಕುನಕ್ಕೆಂದು ಇಟ್ಟಿದ್ದ ನಿಂಬೆಹಣ್ಣು ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಯಿತು. ಕೋಕಿಲಾ ಕಿಟಕಿಯಿಂದ ಕೈ ಆಚೆ ಹಾಕಿ, "ಅಪ್ಪಾ, ಬೇಗ ಬಂದ್ಬಿಡಿ," ಅಂದಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಸೇತುರಾಮ ನೋಡುತ್ತ ನಿಂತಿದ್ದ. ಆಮೇಲೆ ಬಸ್ ಸ್ಟಾಪಿಗೆ ನಡೆದ.

ಮಾರ್ಕೆಟ್ಟಿಗೆ ಒಂದು ಬಸ್ಸು, ಅಲ್ಲಿಂದ ಬಸವೇಶ್ವರನಗರಕ್ಕೆ ಇನ್ನೊಂದು. ಎರಡರಲ್ಲೂ ಸಿಕ್ಕಿದ್ದು ಹಿಂದಿನ ಸೀಟು. ಮನೆ ತಲುಪಿದಾಗ ಅವನ ಸೊಂಟ ಅವನ ಮಾತು ಕೇಳುತ್ತಿರಲಿಲ್ಲ.

ಮಗಳು ಹಜಾರದಲ್ಲಿ ತನ್ನ ಹಳೇ ಜಾಗದಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತು ಹುರಿಗಾಳು ತಿನ್ನುತ್ತಿದ್ದಳು. ಅವನನ್ನು ಕಂಡವಳೇ, "ಅಪ್ಪಾ, ಒಂದು ಚೂರೂ ಅಲುಗಲಿಲ್ಲ. ನಾನು ನಿದ್ದೆ ಮಾಡಿಬಿಟ್ಟೆ," ಅಂದಳು. ಸೇತುರಾಮನ ಕಣ್ಣು ಮಂಜಾಯಿತು. ಇಷ್ಟು ಸಾಕು, ಇದಕ್ಕೇ ಅಲ್ಲವೇ ಇಷ್ಟೆಲ್ಲ ಅಂದುಕೊಂಡ.

"ಬನ್ನಿ ಬೀಗ್ರೇ," ಅಂದರು ಅನಂತಲಕ್ಷ್ಮಮ್ಮ ಒಳಗಿಂದ ಬಂದು. "ನಿಮ್ಮ ಕಾರಿನ ಬಗ್ಗೆ ಏನೇನೋ ಅಂದ್ಬಿಟ್ಟೆ. ವಿಮಾನ ಅದು. ಆದ್ರೆ ಹೆರಿಗೆ ತನಕ ವಾರ ವಾರ ಆಸ್ಪತ್ರೆಗೆ ಹೋಗಿಬರಬೇಕಲ್ಲ, ಲೋಡ್ ಬೇಕಲ್ಲ. ಅದಕ್ಕೇ ನಾನು ಇಲ್ಲೇ ಇರೋಣ ಅಂತ. ಪದ್ದೂನೂ ಇರ್ತಾನೆ, ಬ್ಯಾಂಕಿಗೆ ಇಲ್ಲಿಂದಲೇ ಹತ್ತಿರ."

"ಮೆತ್ತನೆ ಸ್ಪ್ರಿಂಗು ಹಾಕಿಸಿಬಿಡಬಹುದು," ಅಂದ ಸೇತುರಾಮ ಗಾಬರಿಯಿಂದ.

"ಚೆನ್ನಾಗಿರೋದನ್ನ ಯಾಕೆ ಕೆಡಿಸ್ತೀರಾ? ಮಗುಗೆ ಹೆಸರಿಡೋವರೆಗೂ ಅದನ್ನ ಮುಟ್ಟಬೇಡಿ."

ಕೋಣೆಯೊಳಗೆ ಅವನ ಮಂಚದ ಮೇಲೆ ಅಳಿಯಂದಿರು ಅಡ್ಡಡ್ಡ ಮಲಗಿ ಗೊರಕೆ ಹೊಡೆಯುತ್ತಿದ್ದರು. ಈಸಿ ಚೇರಿನ ಮೇಲೆ ಬೀಗಿತ್ತಿಯ ಕೈಚೀಲ. ಅಡುಗೆಮನೆಯಲ್ಲಿ ಅಲಮೇಲು, ಎಂಬತ್ತರ ವಿಚಾರ ಎತ್ತಲು ಪಾತ್ರೆಗಳ ಸದ್ದು ಮಾಡುತ್ತ ಕಾಯುತ್ತಿದ್ದಳು. ಸೇತುರಾಮ ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ಹೊರಗೆ ಬಂದ.

ಕೆಂಪು ಕಾರು ಗೇಟಿನ ಬಳಿ ನಿಂತಿತ್ತು. ಅದರ ಬಾಗಿಲು ತೆರೆದು, ಕೊನೆಗೂ ಸ್ಟಿಯರಿಂಗಿನ ಮುಂದೆ ತನ್ನ ಇಡೀ ಮೈಭಾರ ಬಿಟ್ಟು ಕೂತ. ಅವನು ಕೂತದ್ದು ಕಾರಿಗೆ ಗೊತ್ತೇ ಆಗಲಿಲ್ಲ.