ಪಾದ್ರಿಗಳಿಗೆ ಬಡಿಸಿದ ಕೆಸುವಿನೆಲೆ

ಈ ಸಲ ಕಂದಾವು ದ್ವೀಪದ ಮಾವನ ಮನೆಯಲ್ಲಿ ಲೋವೋ ಮಾಡುವುದನ್ನು ಕಲಿತೇ ಬರುತ್ತೇನೆಂದು ಸುವಾದ ಹಡಗುಕಟ್ಟೆಯಲ್ಲೇ ಘೋಷಿಸಿಬಿಟ್ಟೆ. ನೆಲದ ಗುಂಡಿಯಲ್ಲಿ ಕಾದ ಕಲ್ಲಿನ ಮೇಲೆ ಅಡುಗೆ ಬೇಯಿಸುವುದು ನಮ್ಮಲ್ಲಿ ಗಂಡಸರ ಕೆಲಸ. ನಲವತ್ತೆರಡು ವರ್ಷವಾದರೂ ಅದು ಬಾರದ ಗಂಡಸು ಇಡೀ ಫಿಜಿಯಲ್ಲಿ ನಾನೊಬ್ಬನೇ ಎಂದು ನನ್ನ ಹೆಂಡತಿ ಉನೈಸಿಯ ಅಂಬೋಣ.

"ಅನ್ನ ಮಾಡೋಕೆ ಬರದವರು ಲೋವೋ ಮಾಡ್ತೀರಾ?" ಎಂದಳು.

"ಕಲ್ಲು ಕಾಯಿಸಿ ಮಣ್ಣು ಮುಚ್ಚೋದಕ್ಕೆ ಡಿಗ್ರಿ ಬೇಕೇನೆ?" ಎಂದೆ.

ನನ್ನ ಗ್ರಹಚಾರ! ಆ ಭಾನುವಾರ ಊರಿನ ಹೊಸ ಪಾದ್ರಿಗಳಿಗೆ ಊಟ ಹಾಕುವ ಸರದಿ ಮಾವನದು. ಊಟ ಕೆಟ್ಟರೆ ಅವರು ಊರಲ್ಲಿ ತಲೆ ಎತ್ತುವಂತಿಲ್ಲ. "ಅಳಿಯಂದಿರೇ, ನನ್ನ ಮರ್ಯಾದೆ ನಿಮ್ಮ ಕೈಲಿದೆ" ಎಂದು ಸಲಿಕೆ ಕೊಟ್ಟರು. ಭಾವಮೈದುನ ಇಸಿಕೆಲಿ ಗುರುವಾಗಿ ಪಕ್ಕದಲ್ಲಿ ಕೂತ.

"ಭಾವ, ಗುಂಡಿ ಅಡುಗೆಗೆ ತೋಡ್ತಿದೀರೋ, ನಿಮಗೇ ತೋಡ್ಕೊಳ್ತಿದೀರೋ?"

ಅಂತೂ ಕಲ್ಲು ಕಾಯಿತು. ಗೆಣಸು, ಮೀನು, ಮೇಲೆ ಪಾಲುಸಾಮಿ, ಅಂದರೆ ತೆಂಗಿನ ಹಾಲು, ಈರುಳ್ಳಿ ತುಂಬಿ ಕಟ್ಟಿದ ಕೆಸುವಿನೆಲೆಯ ಪೊಟ್ಟಣಗಳು. ಎಲ್ಲವನ್ನೂ ಜೋಡಿಸಿ ಬಾಳೆಲೆ ಹೊದಿಸಿ ಮಣ್ಣು ಮುಚ್ಚಿದೆವು.

"ಚರ್ಚ್ ಬಿಟ್ಟ ಮೇಲೇ ತೆಗೀಬೇಕು. ಅಲ್ಲೀವರೆಗೂ ಮುಟ್ಟಬಾರದು" ಎಂದ ಇಸಿಕೆಲಿ.

ಚರ್ಚಿನಲ್ಲಿ ಪಾದ್ರಿಗಳ ಉಪದೇಶ ಮುಗಿಯುವ ಲಕ್ಷಣವೇ ಇರಲಿಲ್ಲ. ನೋಹನ ನಾವೆಗೆ ಒಂದೊಂದೇ ಪ್ರಾಣಿಯನ್ನು ಹೆಸರು ಹಿಡಿದು ಹತ್ತಿಸುತ್ತಿದ್ದರು. ಆನೆ ಹತ್ತುವ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು. ಎಲ್ಲರೂ ಮನೆಗೆ ಬರುವಷ್ಟರಲ್ಲಿ ಊಟ ಚಾಪೆಯ ಮೇಲಿರಬೇಕು, ಊರೇ ಮೂಗಿನ ಮೇಲೆ ಬೆರಳಿಡಬೇಕು! ಹಿಂಬಾಗಿಲಿನಿಂದ ನುಸುಳಿ ಹೋಗಿ ಗುಂಡಿ ಬಿಚ್ಚಿದೆ. ಗೆಣಸಿಗೆ ಚಾಕು ಚುಚ್ಚಿದರೆ ಸಲೀಸಾಗಿ ಇಳಿಯಿತು. ಕೆಸುವಿನೆಲೆಯಂತೂ ಹಚ್ಚಹಸಿರಾಗಿ ನೋಡಲು ಬಲು ಚೆಂದವಿತ್ತು. ಹೆಮ್ಮೆಯಿಂದ ಬಡಿಸಿದೆ.

ಎಲ್ಲರ ಹಿಂದೆ ಬಂದ ಉನೈಸಿ ತಟ್ಟೆ ನೋಡಿ ಬಿಳಿಚಿಕೊಂಡಳು. "ರೀ, ಯಾವಾಗ ತೆಗೆದ್ರಿ ಇದನ್ನ? ಬೆಂದ ಎಲೆ ಇಷ್ಟು ಹಸಿರಾಗಿರುತ್ತಾ?"

"ಬಣ್ಣ ಕಟ್ಕೊಂಡು ನಿನಗೇನಾಗ್ಬೇಕು? ರುಚಿ ನೋಡು."

ಅಷ್ಟರಲ್ಲಿ ಪಾದ್ರಿಗಳು ಎರಡು ಪೊಟ್ಟಣ ಮುಗಿಸಿದ್ದರು. ಮೂರನೆಯದಕ್ಕೆ ಕೈ ಹಾಕಿದವರು ಕೆಮ್ಮಿದರು, ಕತ್ತು ಕೆರೆದುಕೊಂಡರು. ಮಾವನೂ ಕೆಮ್ಮಿದರು. ಬಡಿಸಿದ್ದನ್ನು ಹೊಗಳಿಕೊಂಡೇ ತಿನ್ನುವುದು ನಮ್ಮ ಹಾಳು ಪದ್ಧತಿ! "ಬಹಳ ಚೆನ್ನಾಗಿದೆ" ಎನ್ನುತ್ತ ಪಾದ್ರಿಗಳು ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನೂ ನುಂಗಿದರು. ಮಾವ ನನ್ನ ಮುಖವನ್ನೇ ನೋಡಲಿಲ್ಲ.

ಮಧ್ಯಾಹ್ನದ ಆರಾಧನೆಗೆ ಪಾದ್ರಿಗಳು ಪೀಠ ಹತ್ತಿ ಬಾಯಿ ತೆರೆದರು. ಸ್ವರ ಹೊರಡಲಿಲ್ಲ. ಕೈ ಎತ್ತಿ ಆಶೀರ್ವದಿಸಿ ಇಳಿದುಬಿಟ್ಟರು. ಐದೇ ನಿಮಿಷಕ್ಕೆ ಚರ್ಚು ಬಿಟ್ಟಿತು.

"ಎಲ್ಲಾ ನಮ್ ಭಾವನ ಕೈಗುಣ" ಎಂದು ಇಸಿಕೆಲಿ ಊರಿಗೆಲ್ಲ ಸಾರಿದ. ನಾನು ನಾಚಿಕೆಯಿಂದ ಸತ್ತು, ಮರುದಿನದ ಹಡಗಿಗೆ ಗಂಟುಮೂಟೆ ಕಟ್ಟತೊಡಗಿದೆ. ಅಂಗಳದಲ್ಲಿ ಊರ ಹಿರಿಯರು ಬಂದು ನಿಂತ ಸದ್ದಾಯಿತು. ಬೈಸಿಕೊಳ್ಳಲು ತಲೆ ತಗ್ಗಿಸಿ ಹೊರಗೆ ಹೋದೆ.

ಅವರಲ್ಲೊಬ್ಬರು ನನ್ನ ಎರಡೂ ಕೈ ಹಿಡಿದುಕೊಂಡರು. "ಮುಂದಿನ ಭಾನುವಾರ ಪಾದ್ರಿಗಳ ಊಟ ನಮ್ಮನೇಲಿ. ನೀವೇ ಬಂದು ಮಾಡ್ಬೇಕು."

ಪಕ್ಕದಲ್ಲಿದ್ದ ಮಾವ ಎದೆಯುಬ್ಬಿಸಿ, ಕಟ್ಟಿದ ಗಂಟಲಲ್ಲೇ "ಅದಕ್ಕೇನಂತೆ, ಮಾಡ್ತಾರೆ" ಎಂದರು.

ಹಿರಿಯರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಒಂಚೂರೂ ಜಾಸ್ತಿ ಬೇಯಿಸ್ಬೇಡಿ."