ಅವರಿಗೆ ಅಂಡಮಾನ್, ನಮಗೆ ಎಂ-ಸ್ಯಾಂಡ್

ನಮ್ಮ ಬಸವನಗುಡಿಯಲ್ಲಿ ಯಾರಾದರೂ ಸುಖವಾಗಿದ್ದಾರೆ ಅಂತ ಗೊತ್ತಾದರೆ ಇಡೀ ರಸ್ತೆಗೆ ಹೊಟ್ಟೆ ಉರಿಯುತ್ತದೆ. ರಸ್ತೆಯ ಪರವಾಗಿ ಉರಿದುಕೊಳ್ಳುವ ಜವಾಬ್ದಾರಿ ಮಾತ್ರ ಪ್ರತಿಸಲವೂ ನನ್ನ ಮೇಲೇ ಬೀಳುತ್ತದೆ. ಈ ಸಲದ್ದು ಹೇಳ್ತೀನಿ. ಉಪ್ಪು ಖಾರ ನನ್ನದು, ಉರಿ ಅಸಲಿ.

ಬೀಗದ ಕೈ

ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಗಿಡಕ್ಕೆ ನೀರು ಹಾಕಿ ಅಂತ ಬೀಗದ ಕೈ ಕೊಡೋಕೆ ಬಂದರು. ಹೆಂಡತಿ ಜೊತೆ ಅಂಡಮಾನಿಗೆ, ಒಂದು ತಿಂಗಳು.

"ಏನೇನು ನೋಡ್ತೀರಿ ಮೇಷ್ಟ್ರೇ?"

"ಏನೂ ಇಲ್ಲಪ್ಪ. ಸಮುದ್ರದ ಮುಂದೆ ಕೂತಿರೋದು. ಹಸಿವಾದ್ರೆ ಏಳೋದು."

ನಾವು ಎಲ್ಲಿಗೆ ಹೋದರೂ ಮೂರು ದೇವಸ್ಥಾನ, ಒಂದು ಜಲಪಾತ ಮುಗಿಸಿ ಸೋಮವಾರ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿಯುವ ಜನ. ಸುಮ್ಮನೆ ಕೂರೋಕೂ ಊರು ಬಿಟ್ಟು ಹೋಗಬಹುದು ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ನನಗೂ ಅದೇ ಬೇಕಾಯಿತು. ಆದರೆ ಬಾಯಿಬಿಟ್ಟು ಹೇಳೋಕೆ ಮರ್ಯಾದೆ ಅಡ್ಡ ಬಂತು.

"ಸಮುದ್ರ ಏನು ಮಹಾ, ನಾವೂ ನೋಡಿದೀವಿ," ಅಂದೆ ಹೆಂಡತಿಗೆ.

"ಯಾವಾಗ?"

"ಗೋಕರ್ಣದಲ್ಲಿ."

"ಅದು ನಿಮ್ಮ ತಂದೆ ಅಸ್ಥಿ ಬಿಡೋಕೆ ಹೋಗಿದ್ದು."

ವಿಡಿಯೋ ಕಾಲ್

ಬೆಳಿಗ್ಗೆ ವಾಕಿಂಗ್ ಮುಗಿಸಿ ನಾವೊಂದು ಏಳೆಂಟು ಜನ ದರ್ಶಿನಿ ಹೋಟೆಲ್ ಮುಂದೆ ನಿಂತು ಕಾಫಿ ಕುಡಿಯೋದು ರೂಢಿ. ಅಲ್ಲಿ ಮಾತಾಡೋದು ನಾನು, ನಗೋದು ಅವರು. ಮೇಷ್ಟ್ರು ಹೋದ ಮೇಲೆ ಅದೇ ಹೊತ್ತಿಗೆ ಅವರ ವಿಡಿಯೋ ಕಾಲ್ ಬರತೊಡಗಿತು. ತೆಂಗಿನ ಮರದ ಕೆಳಗೆ ಮೇಷ್ಟ್ರು, ಹಿಂದೆ ನೀಲಿ ನೀರು. ನನ್ನ ಜನವೆಲ್ಲ ನನಗೆ ಬೆನ್ನು ಹಾಕಿ ಫೋನಿಗೆ ಮುತ್ತಿಕೊಂಡರು.

ಇವರನ್ನು ವಾಪಸ್ ಕರೆಸಲೇಬೇಕು ಅಂತ ಒಂದು ಸುಳ್ಳು ಬಿಟ್ಟೆ. "ಮೇಷ್ಟ್ರೇ, ನಿಮ್ಮ ಗೇಟಿನ ಮುಂದೆ ಕಾವೇರಿ ಪೈಪ್ ಒಡೆದು ವರಾಂಡ ತನಕ ನೀರು ಬಂದಿದೆ."

ಗೇಟಿಗೆ ಯಾರಾದರೂ ಸ್ಕೂಟರ್ ಒರಗಿಸಿದರೆ ಅರ್ಧ ಗಂಟೆ ಪಾಠ ಮಾಡುತ್ತಿದ್ದ ಮನುಷ್ಯ. ಕಾಲು ಚಾಚಿಕೊಂಡೇ ಹೇಳಿದರು: "ಹೌದಾ? ಇಲ್ಲೂ ಅಷ್ಟೇ ಕಣಪ್ಪ, ಬಾಗಿಲ ತನಕ ನೀರು."

ನನ್ನ ದ್ವೀಪ

ಹೆಂಡತಿ ತನ್ನ ತಂಗಿ ಮನೆಗೆ ಅಂತ ಮತ್ತಿಕೆರೆಗೆ ಹೋಗಿದ್ದಳು. ಪಕ್ಕದ ಸೈಟಿನಲ್ಲಿ ಮನೆ ಕಟ್ಟೋಕೆ ಎಂ-ಸ್ಯಾಂಡ್, ಅದೇ ಕಲ್ಲು ಪುಡಿ ಮಾಡಿದ ಮರಳು, ಸುರಿದಿದ್ದರು. ಬನಿಯನ್, ಹೂವಿನ ಚಡ್ಡಿ, ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಗಾಂಧಿ ಬಜಾರಿನ ಎಳನೀರು ಹಿಡಿದು ಆ ರಾಶಿ ಮೇಲೆ ಕಾಲು ಚಾಚಿದೆ. ಹಿಂದೆ ಸಿಮೆಂಟ್ ಮೂಟೆಗೆ ಹೊದಿಸಿದ ನೀಲಿ ಟಾರ್ಪಾಲು. ವಾಚ್‌ಮನ್ ಕೈಗೆ ಫೋನ್ ಕೊಟ್ಟೆ.

ಅವನು ಫೋಟೋ ತೆಗೆದು ಮೆಲ್ಲಗೆ ಕೇಳಿದ, "ಸಾರ್, ಮನೇಲಿ ಏನಾದ್ರೂ ಜಗಳನಾ?"

ಮೇಷ್ಟ್ರಿಗೂ ಸ್ವಲ್ಪ ಉರೀಲಿ ಅಂತ ಫೋಟೋನ ಸ್ಟೇಟಸ್ಸಿಗೆ ಹಾಕಿದೆ: "ನಾವೂ ಬಂದ್ವಿ." ಮರಳು ಯಾಕೆ ಬೂದಿ ಬಣ್ಣ ಅಂದವರಿಗೆ ಜ್ವಾಲಾಮುಖಿ ದ್ವೀಪ ಅಂದೆ. ಸ್ಟೇಟಸ್ ನಾದಿನಿಗೂ ಕಾಣುತ್ತದೆ ಅನ್ನೋದು ತಲೆಗೇ ಬರಲಿಲ್ಲ. ಹೆಂಡತಿಯ ಫೋನ್ ಬಂತು.

"ಒಬ್ರೇ ದ್ವೀಪಕ್ಕೆ ಹೋಗಿದೀರಂತೆ?"

ಶುರು ಮಾಡಿದ ಆಟ ನಡುವೆ ಬಿಡೋದು ನನ್ನ ಜಾಯಮಾನ ಅಲ್ಲ. "ಹೂಂ. ಅಲೆ ಸದ್ದು ಕೇಳು," ಅಂತ ಫೋನನ್ನು ಕಾಂಕ್ರೀಟ್ ಮಿಕ್ಸರ್ ಕಡೆ ಹಿಡಿದೆ.

"ಚೆನ್ನಾಗಿದೆಯಾ?"

"ಎದ್ದು ಬರೋಕೇ ಮನಸ್ಸಿಲ್ಲ."

"ಸರಿ," ಅಂದು ಇಟ್ಟಳು.

ಭಾನುವಾರ ಮನೆಗೆ ಬಂದವಳು ಜಗಳ ಆಡಲಿಲ್ಲ. ಅಟ್ಟದಿಂದ ಸೂಟ್‌ಕೇಸ್ ಇಳಿಸಿದಳು. "ಅಂಡಮಾನಿಗೆ ಟಿಕೆಟ್ ಆಯ್ತು. ಹದಿನೈದು ದಿನ."

ನನ್ನ ಎದೆ ಹೂವಾಯಿತು. ಬಾಯಿಬಿಡದೆಯೇ ಕೆಲಸ ಆಯಿತಲ್ಲ. ಓಡಿಹೋಗಿ ಚಡ್ಡಿ ತಂದು ಸೂಟ್‌ಕೇಸಿಗೆ ಹಾಕಿದೆ. ಅವಳು ಅದನ್ನು ತೆಗೆದು ಹೊರಗಿಟ್ಟಳು.

"ನಿಮಗ್ಯಾಕೆ? ಹೋಗ್ತಿರೋದು ನಾನು, ನನ್ನ ತಂಗಿ. ನೀವು ಆಗಲೇ ಹೋಗಿ ಬಂದ್ರಲ್ಲ."

"ಅದು ಪಕ್ಕದ ಸೈಟಿನ ಎಂ-ಸ್ಯಾಂಡ್ ಕಣೇ," ಅಂತ ಕೊನೆಗೂ ಬಾಯಿಬಿಟ್ಟೆ.

"ನೋಡಿ ಮತ್ತೆ, ಸುಮ್ನೆ ಕೂರೋಕೆ ನಿಮಗೆ ಅಂಡಮಾನೇ ಬೇಕು ಅಂತೇನಿಲ್ಲ," ಅಂದು ಜಿಪ್ ಎಳೆದಳು.